ನಮ್ಮ ಮೊಬೈಲ್ ವಿಡಿಯೋ ಹಿಂದಿರುವ ದರ್ಜಿಯ ಮಗ

ಕಳೆದ ಸೆಮ್‌ನಲ್ಲಿ ಮ್ಯಾಥ್ಸ್ ಇಂಟರ್ನಲ್ಸ್ ಹಿಂದಿನ ರಾತ್ರಿ ನಾವು ನಾಲ್ಕು ಜನ ಹಾಸ್ಟೆಲ್ ರೂಮಲ್ಲಿ ಕೂತು ಫೋರಿಯರ್ ಸೀರೀಸ್ ಬಾಯಿಪಾಠ ಮಾಡ್ತಾ ಇದ್ವಿ. ಪಕ್ಕದಲ್ಲಿ ಮೊಬೈಲಲ್ಲಿ ಕ್ರಿಕೆಟ್ ಮ್ಯಾಚ್ ಲೈವ್ ಓಡ್ತಾ ಇತ್ತು. ಈ ಎ-ನಾಟ್, ಎ-ಎನ್, ಬಿ-ಎನ್ ಎಲ್ಲಾ ಜೀವನದಲ್ಲಿ ಎಲ್ಲಿಗೆ ಉಪಯೋಗ ಅಂತ ಬೈಕೊಂಡೇ ಮಲಗಿದ್ವಿ. ಪಕ್ಕದಲ್ಲಿ ಓಡ್ತಿದ್ದ ಆ ಮ್ಯಾಚೇ ಉತ್ತರ ಅಂತ ಗೊತ್ತಾಗಿದ್ದು ಈ ಸೆಮ್‌ನಲ್ಲಿ. ಆಮೇಲೆ ಈ ಮನುಷ್ಯ ಯಾರು ಅಂತ ಕುತೂಹಲ ಹುಟ್ಟಿ ಓದಿದ್ವಿ. ಓದಿದ್ದನ್ನು ನಿಮಗೂ ಹೇಳೋಣ ಅಂತ ಈ ಲೇಖನ.

ಜೋಸೆಫ್ ಫೋರಿಯರ್ ಹುಟ್ಟಿದ್ದು 1768ರ ಮಾರ್ಚ್ 21ರಂದು, ಫ್ರಾನ್ಸ್‌ನ ಓಸೆರ್ ಎಂಬ ಊರಿನಲ್ಲಿ. ಫ್ರೆಂಚರು ಫೂರಿಯೇ ಅಂತಾರೆ, ನಾವು ಕ್ಲಾಸಿನ ರೂಢಿಯಂತೆ ಫೋರಿಯರ್ ಅಂತಲೇ ಬರೀತೀವಿ. ತಂದೆ ದರ್ಜಿ. ಸುಮಾರು ಹತ್ತನೇ ವಯಸ್ಸಿನ ಹೊತ್ತಿಗೆ ಅಪ್ಪ ಅಮ್ಮ ಇಬ್ಬರೂ ತೀರಿಕೊಂಡರು. ಊರಿನ ಸೈನಿಕ ಶಾಲೆಯಲ್ಲಿ ಓದಲು ಅವಕಾಶ ಸಿಕ್ಕಿತು. ಅದನ್ನು ನಡೆಸುತ್ತಿದ್ದವರು ಕ್ರೈಸ್ತ ಸನ್ಯಾಸಿಗಳು. ರಾತ್ರಿ ಗಣಿತ ಮಾಡೋಕೆ ಹುಡುಗ ಉರಿದು ಉಳಿದ ಮೇಣದಬತ್ತಿಯ ಚೂರುಗಳನ್ನು ಕೂಡಿಡುತ್ತಿದ್ದ ಅಂತ ಹೇಳ್ತಾರೆ.

ಸೈನ್ಯದ ಫಿರಂಗಿ ವಿಭಾಗಕ್ಕೆ ಸೇರಬೇಕು ಅನ್ನೋದು ಅವರ ಆಸೆ. ಆದರೆ ದೊಡ್ಡ ಮನೆತನದಲ್ಲಿ ಹುಟ್ಟದವರಿಗೆ ಅಲ್ಲಿ ಜಾಗ ಇರಲಿಲ್ಲ. ಸನ್ಯಾಸಿಯಾಗೋಣ ಅಂತ ಮಠ ಸೇರಿದರು, 1789ರಲ್ಲಿ ಬಿಟ್ಟು ಬಂದರು. ಅದೇ ವರ್ಷ ಫ್ರಾನ್ಸ್‌ನಲ್ಲಿ ಕ್ರಾಂತಿ. ಫೋರಿಯರ್ ಊರಲ್ಲಿ ಪಾಠ ಮಾಡುತ್ತಾ ಕ್ರಾಂತಿಯ ಸಮಿತಿಯಲ್ಲೂ ಕೆಲಸ ಮಾಡಿದರು. 1794ರಲ್ಲಿ ಅವರನ್ನೇ ಬಂಧಿಸಿದರು. ಆಗ ಜೈಲಿಗೆ ಹೋದವರು ತಲೆ ಉಳಿಸಿಕೊಂಡು ಬರೋದೇ ಕಷ್ಟ. ಅಷ್ಟರಲ್ಲಿ ನಾಯಕ ರೊಬೆಸ್ಪಿಯರ್ ಉರುಳಿದ್ದರಿಂದ ಫೋರಿಯರ್ ಬದುಕಿಕೊಂಡರು.

ಮರುವರ್ಷ ಪ್ಯಾರಿಸ್‌ನಲ್ಲಿ ಲಗ್ರಾಂಜ್, ಲಾಪ್ಲಾಸ್ ಅವರ ಕ್ಲಾಸಿನಲ್ಲಿ ಕೂತು ಕಲಿತರು. ಹೌದು, ನಮ್ಮ ಸಿಲಬಸ್‌ನ ಅದೇ ಲಾಪ್ಲಾಸ್! ಆಮೇಲೆ ನೆಪೋಲಿಯನ್ ಜೊತೆ 1798ರಲ್ಲಿ ಈಜಿಪ್ಟ್‌ಗೆ ಹೋದರು. ಮರಳಿ ಬಂದ ಮೇಲೆ ನೆಪೋಲಿಯನ್ ಅವರನ್ನು 1802ರಲ್ಲಿ ಗ್ರೆನೋಬಲ್ ಕಡೆಯ ಜಿಲ್ಲೆಯ ಆಡಳಿತಕ್ಕೆ ಹಾಕಿದರು. ನಮ್ಮ ಡಿಸಿ ಹುದ್ದೆ ಇದ್ದ ಹಾಗೆ ಅನ್ಕೊಳ್ಳಿ. ಅಲ್ಲಿ ಜೌಗು ನೆಲ ಒಣಗಿಸಿದರು, ರಸ್ತೆ ಮಾಡಿಸಿದರು. ಆಫೀಸ್ ಕೆಲಸದ ನಡುವೆಯೇ ಅವರನ್ನು ಕಾಡುತ್ತಿದ್ದ ಪ್ರಶ್ನೆ ಒಂದಿತ್ತು: ಕಬ್ಬಿಣದ ಸರಳನ್ನು ಒಂದು ಕಡೆ ಕಾಯಿಸಿದರೆ ಶಾಖ ಹೇಗೆ ಹರಡುತ್ತೆ?

ಇದಕ್ಕೆ ಅವರು ಕಂಡುಕೊಂಡ ದಾರಿ ವಿಚಿತ್ರವಾಗಿತ್ತು. ಸರಳಿನ ಉದ್ದಕ್ಕೂ ಶಾಖ ಯಾವ ಆಕಾರದಲ್ಲಾದರೂ ಇರಲಿ, ಮಧ್ಯೆ ಮೂಲೆ, ಮೆಟ್ಟಿಲು ಏನಿದ್ದರೂ ಸರಿ, ಅದನ್ನು ಸೈನ್ ಮತ್ತು ಕೊಸೈನ್ ಅಲೆಗಳ ಮೊತ್ತ ಅಂತ ಬರೆಯಬಹುದು ಅಂದರು. ಸಣ್ಣ ಸಣ್ಣ ಏರಿಳಿತದ ಅಲೆಗಳು ಬೇಗ ಅಳಿಸಿಹೋಗುತ್ತವೆ, ದೊಡ್ಡ ನಿಧಾನದ ಅಲೆಗಳು ಕೊನೆಗೆ ಉಳಿಯುತ್ತವೆ. ಶಾಖ ಹರಡೋದು ಅಂದ್ರೆ ಇಷ್ಟೇ.

1807ರ ಡಿಸೆಂಬರ್‌ನಲ್ಲಿ ಇದನ್ನು ಪ್ಯಾರಿಸ್‌ನ ವಿದ್ವತ್ ಸಂಸ್ಥೆಯ ಮುಂದಿಟ್ಟರು. ಪರಿಶೀಲಿಸಿದವರಲ್ಲಿ ಅವರ ಗುರುಗಳೇ ಇದ್ದರು. ಲಗ್ರಾಂಜ್ ಒಪ್ಪಲಿಲ್ಲ. ನಯವಾದ ಅಲೆಗಳನ್ನು ಕೂಡಿಸಿದರೆ ಮೂಲೆ ಹೇಗೆ ಬರುತ್ತೆ ಅನ್ನೋದು ನ್ಯಾಯವಾದ ಸಂಶಯವೇ. ಫೋರಿಯರ್ ಬಳಿ ಗಟ್ಟಿ ಪ್ರೂಫ್ ಇರಲಿಲ್ಲ. ಪ್ರಬಂಧ ಅಚ್ಚಾಗಲಿಲ್ಲ. 1811ರಲ್ಲಿ ಸಂಸ್ಥೆಯ ಸ್ಪರ್ಧೆಗೆ ತಿದ್ದಿ ಕಳಿಸಿದರು. ಬಹುಮಾನ ಬಂತು, ಜೊತೆಗೆ ತರ್ಕ ಸಾಲದು ಅನ್ನೋ ಟೀಕೆಯೂ ಬಂತು. ಆಗಲೂ ಅಚ್ಚಾಗಲಿಲ್ಲ. ಕೊನೆಗೆ ಪುಸ್ತಕವಾಗಿ ಹೊರಬಂದದ್ದು 1822ರಲ್ಲಿ. ಲೆಕ್ಕ ಹಾಕಿ, 15 ವರ್ಷ! ಒಂದು ಸಪ್ಲಿ ಬಂದರೆ ನಾವು ವಾರಗಟ್ಟಲೆ ಮುಖ ಬಾಡಿಸಿಕೊಂಡು ಓಡಾಡ್ತೀವಿ.

1829ರಲ್ಲಿ ಡಿರಿಶ್ಲೆ ಎಂಬ ಯುವಕ ಈ ಸೀರೀಸ್ ಯಾವಾಗ ಸರಿ ಅಂತ ಪ್ರೂಫ್ ಕೊಟ್ಟರು. ಎರಡು ಮಾರ್ಕ್ಸಿಗೆ ನಾವು ಬರೆಯುವ ಡಿರಿಶ್ಲೆ ಕಂಡೀಷನ್ಸ್ ಇವರವೇ. ಮರುವರ್ಷ, 1830ರ ಮೇ 16ರಂದು ಫೋರಿಯರ್ ಪ್ಯಾರಿಸ್‌ನಲ್ಲಿ ತೀರಿಕೊಂಡರು. ರೇಡಿಯೋ ಅಲೆಗಳ ಇರುವಿಕೆಯನ್ನು ಲೆಕ್ಕದಲ್ಲಿ ತೋರಿಸಿದ ಮ್ಯಾಕ್ಸ್‌ವೆಲ್ ಆಗಿನ್ನೂ ಹುಟ್ಟಿಯೇ ಇರಲಿಲ್ಲ.

ಸರಿ, ಇದಕ್ಕೂ ನಮ್ಮ ಮ್ಯಾಚಿಗೂ ಏನು ಸಂಬಂಧ? ಎರಡು ಕಡೆ ಇದೆ.

ಮೊದಲನೆಯದು ಚಿತ್ರದಲ್ಲಿ. ಫುಲ್ ಎಚ್‌ಡಿ ವಿಡಿಯೋದ ಒಂದು ಫ್ರೇಮ್‌ನಲ್ಲಿ 1920 ಗುಣಿಸು 1080 ಪಿಕ್ಸೆಲ್. ಒಂದೊಂದಕ್ಕೆ 24 ಬಿಟ್, ಸೆಕೆಂಡಿಗೆ 30 ಫ್ರೇಮ್ ಅಂದರೆ ಸೆಕೆಂಡಿಗೆ ಸುಮಾರು 1.5 ಗಿಗಾಬಿಟ್. ಒಂದು ಟವರ್ ಅಡಿಯಲ್ಲಿ ನೂರಾರು ಜನ ನೋಡುವಾಗ ಎಷ್ಟೇ 5ಜಿ ಇದ್ದರೂ ಇದನ್ನು ಹಾಗೇ ಕಳಿಸೋಕಾಗಲ್ಲ. ಅದಕ್ಕೆ ಹಿಂದಿನ ಫ್ರೇಮಿಗೂ ಈಗಿನದಕ್ಕೂ ಇರುವ ವ್ಯತ್ಯಾಸ ಮಾತ್ರ ತಗೊಂಡು, ಚಿಕ್ಕ ಚೌಕಗಳಾಗಿ ಕತ್ತರಿಸಿ, ಒಂದೊಂದು ಚೌಕವನ್ನೂ ಕೊಸೈನ್ ಅಲೆಗಳ ಮೊತ್ತವಾಗಿ ಬರೀತಾರೆ. ಹೆಚ್ಚಿನ ಅಲೆಗಳ ಬೆಲೆ ತೀರಾ ಚಿಕ್ಕದು, ಅವನ್ನು ಸೊನ್ನೆ ಮಾಡಿದರೆ ಕಣ್ಣಿಗೆ ಗೊತ್ತೇ ಆಗಲ್ಲ. ಕೊನೆಗೆ ಸೆಕೆಂಡಿಗೆ 5 ಮೆಗಾಬಿಟ್ ಆಸುಪಾಸಿಗೆ ಇಳಿಯುತ್ತೆ.

ಈ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ 1974ರಲ್ಲಿ ಪ್ರಕಟವಾಯಿತು. ಅದನ್ನು ಕೊಟ್ಟವರಲ್ಲಿ ಮೊದಲಿಗರು ನಾಸಿರ್ ಅಹ್ಮದ್. ಹುಟ್ಟಿದ್ದು ಬೆಂಗಳೂರಲ್ಲಿ, ಬಿಇ ಓದಿದ್ದು ನಮ್ಮ ಯುವಿಸಿಇಯಲ್ಲಿ! 1972ರಲ್ಲಿ ಇದೇ ಕೆಲಸಕ್ಕೆ ಅವರು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದಾಗ ಹಣ ಸಿಗಲಿಲ್ಲ. ಫೋರಿಯರ್ ಕಥೆಯೇ ಮತ್ತೆ ನಡೆದಂತೆ ನಮಗನ್ನಿಸಿತು.

ಎರಡನೆಯದು ಗಾಳಿಯಲ್ಲಿ. ಟವರ್‌ನಿಂದ ಹೊರಟ ಸಿಗ್ನಲ್ ಕಟ್ಟಡಗಳಿಗೆ ಬಡಿದು, ಹಲವು ಪ್ರತಿಗಳಾಗಿ ಹಿಂದೆ ಮುಂದೆ ಬಂದು ಸೇರುತ್ತೆ. ಒಂದೇ ಧಾರೆಯಲ್ಲಿ ವೇಗವಾಗಿ ಡೇಟಾ ಕಳಿಸಿದರೆ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತೆ. ಅದಕ್ಕೆ 4ಜಿ, 5ಜಿ ಎರಡರಲ್ಲೂ ಡೇಟಾವನ್ನು ಸಾವಿರಾರು ನಿಧಾನದ ಧಾರೆಗಳಾಗಿ ಹಂಚುತ್ತಾರೆ. 100 ಮೆಗಾಹರ್ಟ್ಸ್‌ನ 5ಜಿ ಚಾನೆಲ್‌ನಲ್ಲಿ 30 ಕಿಲೋಹರ್ಟ್ಸ್ ಅಂತರದಲ್ಲಿ 3276 ಸಬ್‌ಕ್ಯಾರಿಯರ್‌ಗಳು ಕೂರುತ್ತವೆ. ಅಷ್ಟು ಒತ್ತಾಗಿ ಇಟ್ಟರೂ ಒಂದಕ್ಕೊಂದು ತೊಂದರೆ ಕೊಡಲ್ಲ. ಯಾಕೆ ಅಂದ್ರೆ, ಬೇರೆ ಬೇರೆ ಫ್ರೀಕ್ವೆನ್ಸಿಯ ಎರಡು ಸೈನ್‌ಗಳನ್ನು ಗುಣಿಸಿ ಪೂರ್ತಿ ಪೀರಿಯಡ್‌ಗೆ ಇಂಟಿಗ್ರೇಟ್ ಮಾಡಿದರೆ ಸೊನ್ನೆ ಬರುತ್ತಲ್ಲ, ಅದಕ್ಕೇ. ಬಿ-ಎನ್ ಕಂಡುಹಿಡಿಯೋಕೆ ನಾವು ಬಳಸಿದ್ದೂ ಇದನ್ನೇ. ಟವರ್ ಇವನ್ನು ಕೂಡಿಸಿ ಕಳಿಸುತ್ತೆ, ನಮ್ಮ ಕೈಯ ಮೊಬೈಲ್ ಎಫ್‌ಎಫ್‌ಟಿ ಮಾಡಿ ಬಿಡಿಸುತ್ತೆ, ಸೆಕೆಂಡಿಗೆ ಸಾವಿರಾರು ಸಲ.

ಇನ್ನು ಬಸ್ಸಲ್ಲಿ ಹೋಗುವಾಗ ವಿಡಿಯೋ ಮೊದಲು ಮಸುಕಾಗೋದನ್ನ ನೋಡಿರ್ತೀರಿ. ವಿಡಿಯೋವನ್ನು ಕೆಲವು ಸೆಕೆಂಡುಗಳ ತುಂಡುಗಳಾಗಿ, ಹಲವು ಗುಣಮಟ್ಟದಲ್ಲಿ ಸರ್ವರ್‌ನಲ್ಲಿ ಇಟ್ಟಿರ್ತಾರೆ. ನೆಟ್ ಕಮ್ಮಿಯಾದರೆ ಮೊಬೈಲ್ ಮುಂದಿನ ತುಂಡನ್ನು ಕಡಿಮೆ ಗುಣಮಟ್ಟದ್ದು ಕೇಳುತ್ತೆ. ಹೋಗೋದು ಸಣ್ಣ ಸಣ್ಣ ವಿವರಗಳ ಅಲೆಗಳು, ಉಳಿಯೋದು ದೊಡ್ಡ ಅಲೆಗಳು. ಫೋರಿಯರ್ ಅವರ ಸರಳಿನಲ್ಲಿ ಆದ ಹಾಗೇ.

ಜೂನಿಯರ್‌ಗಳಿಗೆ ನಮ್ಮದೊಂದು ಮಾತು. ಫೋರಿಯರ್ ಯೂನಿಟ್ ಬಂದಾಗ ಸೊನ್ನೆಯಿಂದ ಪೈ ತನಕ ಎಫ್ ಆಫ್ ಎಕ್ಸ್ ಈಕ್ವಲ್ ಟು ಎಕ್ಸ್‌ಗೆ ಹಾಫ್ ರೇಂಜ್ ಸೈನ್, ಕೊಸೈನ್ ಎರಡನ್ನೂ ಕೈಯಲ್ಲೇ ಮಾಡಿ ನೋಡಿ. ಸೈನ್‌ನಲ್ಲಿ ಬೆಲೆಗಳು ಎನ್‌ಗೆ ತಕ್ಕಂತೆ ಇಳಿಯುತ್ತವೆ, ಕೊಸೈನ್‌ನಲ್ಲಿ ಎನ್ ಸ್ಕ್ವೇರ್‌ಗೆ ತಕ್ಕಂತೆ ಬೇಗ ಇಳಿಯುತ್ತವೆ. ವಿಡಿಯೋಗೆ ಕೊಸೈನನ್ನೇ ಯಾಕೆ ಆರಿಸಿದರು ಅಂತ ಆಗ ನಿಮಗೇ ಹೊಳೆಯುತ್ತೆ. ನಮ್ಮ ನಾಲ್ವರಲ್ಲಿ ಇಬ್ಬರಿಗೆ ಆ ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಕಮ್ಮಿ ಬಂತು. ಇದು ಒಂದು ವಾರ ಮೊದಲೇ ಗೊತ್ತಿದ್ದಿದ್ರೆ ಬರ್ತಿರಲಿಲ್ಲವೇನೋ.