ಹಾಲು ಕಾಯಿಸಿದರೆ ಪ್ರೋಟೀನ್ ಹಾಳಾಗುತ್ತದೆಯೇ? ಮೈಸೂರಿನ ವಿಜ್ಞಾನಿಯ ಬದುಕಿನಲ್ಲಿದೆ ಉತ್ತರ

ಹಾಲು ಕುದಿಸಿದರೆ ಅದರ ಪ್ರೋಟೀನ್ ಸತ್ತುಹೋಗುತ್ತದೆ ಎಂಬ ಮೆಸೇಜ್ ನೀವೂ ನೋಡಿರಬಹುದು. ಅದನ್ನು ಫಾರ್ವರ್ಡ್ ಮಾಡುವ ಮುನ್ನ ವಿ. ಸುಬ್ರಹ್ಮಣ್ಯನ್ ಅವರ ಬಗ್ಗೆ ತಿಳಿಯೋಣ.

1902ರಲ್ಲಿ ಹುಟ್ಟಿದ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನ ವಿಭಾಗದ ಮುಖ್ಯಸ್ಥರಾಗಿದ್ದರು. 1950ರಲ್ಲಿ ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಸಿಎಫ್‌ಟಿಆರ್‌ಐ ಆರಂಭವಾದಾಗ ಅದರ ಮೊದಲ ನಿರ್ದೇಶಕರಾದರು.

ಆಗ ಡಬ್ಬಿಯ ಶಿಶು ಆಹಾರ ವಿದೇಶದಿಂದ ಬರಬೇಕಿತ್ತು. ನಮ್ಮಲ್ಲಿದ್ದದ್ದು ಎಮ್ಮೆ ಹಾಲು. ಅದರಲ್ಲಿ ಕೊಬ್ಬೂ ಕೇಸಿನ್ ಎಂಬ ಪ್ರೋಟೀನೂ ಹೆಚ್ಚು. ಮಗುವಿನ ಹೊಟ್ಟೆಯಲ್ಲಿ ಅದು ಗಟ್ಟಿ ಗಡ್ಡೆಯಾಗುತ್ತದೆ. ಅವರ ಸಂಸ್ಥೆಯ ತಂಡ ಕೊಬ್ಬು ತಗ್ಗಿಸಿ, ಗಡ್ಡೆ ಮೃದುವಾಗುವಂತೆ ಮಾಡಿ, ಹಾಲನ್ನು ಪುಡಿಯಾಗಿಸಿತು. ಆ ವಿಧಾನದಿಂದಲೇ ಅಮುಲ್ ಶಿಶು ಆಹಾರ ತಯಾರಾಯಿತು.

ಇಷ್ಟೆಲ್ಲ ಕಾಯಿಸಿದರೂ ಹಾಲೇಕೆ ಕೆಡಲಿಲ್ಲ? ಮೊಟ್ಟೆಯ ಬಿಳಿಭಾಗದ ಪ್ರೋಟೀನ್‌ಗೆ ಮಡಚಿದ ಆಕಾರವಿದೆ. ಬೇಯಿಸಿದರೆ ಮಡಿಕೆ ಬಿಚ್ಚಿ ಗಟ್ಟಿಯಾಗುತ್ತದೆ. ಹಾಲಿನ ಪ್ರೋಟೀನ್‌ನಲ್ಲಿ ಸುಮಾರು 80% ಇರುವ ಕೇಸಿನ್‌ಗೆ ಅಂಥ ನಿಗದಿತ ಆಕಾರವೇ ಇಲ್ಲ, ಅದು ಸಡಿಲ ದಾರದಂತೆ. ಆ ಸಡಿಲತೆಯಿಂದಲೇ ಅದು ಕ್ಯಾಲ್ಸಿಯಂ ಅನ್ನು ಗಟ್ಟಿಯಾಗಲು ಬಿಡದೆ ಹಿಡಿದು ಸಾಗಿಸುತ್ತದೆ. ಇಂಥ ಆಕಾರವಿಲ್ಲದ ಪ್ರೋಟೀನ್‌ಗಳು ನಮ್ಮ ಜೀವಕೋಶಗಳಲ್ಲೂ ಇವೆ. ವಿಜ್ಞಾನಿಗಳು ಅವುಗಳ ಮಹತ್ವ ಅರಿತದ್ದು ಬಹಳ ತಡವಾಗಿ.

1960ರಲ್ಲಿ ಪದ್ಮಶ್ರೀ ಪಡೆದ ಸುಬ್ರಹ್ಮಣ್ಯನ್, ನಂತರ ತಮಿಳುನಾಡಿನಲ್ಲಿ ಭತ್ತದ ಸಂಸ್ಕರಣೆಗಾಗಿ ದುಡಿದು 1979ರಲ್ಲಿ ತೀರಿಕೊಂಡರು.

ಹಾಗಾದರೆ ಆ ಮೆಸೇಜ್? ತಪ್ಪು. ಹಾಲಿನ ಕೆಲವು ಪ್ರೋಟೀನ್‌ಗಳ ಮಡಿಕೆ ಬಿಚ್ಚಿದರೂ ಪೌಷ್ಟಿಕತೆ ಉಳಿಯುತ್ತದೆ, ರೋಗಾಣುಗಳು ಸಾಯುತ್ತವೆ. ಹಾಲನ್ನು ಕಾಯಿಸಿಯೇ ಕುಡಿಯಿರಿ. ಆರು ತಿಂಗಳವರೆಗೆ ಮಗುವಿಗೆ ಮಾತ್ರ ತಾಯಿಹಾಲೇ ಸಾಕು.