ಪತಂಗದ ಕಥೆಯಲ್ಲಿ ಮರೆಯಾದ ಗ್ರೇಸ್ ಹಾಪರ್

ಒಂದು ಸಂಜೆ ಮಗಳ ಕಂಪ್ಯೂಟರಿನ ಪರದೆಯ ತುಂಬ ಬರೀ ಅಂಕಿಗಳಿದ್ದವು. ಲಿನಕ್ಸ್ ವ್ಯವಸ್ಥೆಯ ತಿರುಳಾದ ಕರ್ನೆಲ್‌ಗೆ ಆಮೇಲೆ ಜೋಡಿಸಿದ್ದ ಮಾಡ್ಯೂಲ್ ಒಂದು ಕೈಕೊಟ್ಟಿತ್ತು. ದೋಷ ಹುಡುಕುವ ಡಿಬಗರ್‌ಗೆ ಕಾಣುತ್ತಿದ್ದುದು ಮೆಮೊರಿಯ ವಿಳಾಸಗಳು ಮಾತ್ರ. ಮಾಡ್ಯೂಲ್ ಪ್ರತಿಸಲವೂ ಒಂದೇ ಜಾಗದಲ್ಲಿ ಕೂರುವುದಿಲ್ಲ. ಈ ಸಲ ಎಲ್ಲಿ ಕುಳಿತಿದೆ ಎಂಬುದನ್ನು ಕರ್ನೆಲ್‌ನಿಂದಲೇ ತಿಳಿದು, ಆ ವಿಳಾಸದೊಡನೆ ಅದರೊಳಗಿನ ಹೆಸರುಗಳ ಪಟ್ಟಿಯನ್ನು ಅವಳು ಡಿಬಗರ್‌ಗೆ ಒದಗಿಸಿದಳು. ಅಂಕಿಗಳಿಗೆಲ್ಲ ಹೆಸರು ಬಂತು. ವಿಳಾಸ ತಪ್ಪಾಗಿ ಕೊಟ್ಟಿದ್ದರೂ ಹೆಸರುಗಳು ಬರುತ್ತಿದ್ದವಂತೆ, ಆದರೆ ತಪ್ಪು ಜಾಗಕ್ಕೆ ಅಂಟಿಕೊಂಡು. ಕಡತ ಕಳೆದಿಲ್ಲ, ಕಪಾಟಿನ ಸಂಖ್ಯೆ ಮಾತ್ರ ವಹಿಯಲ್ಲಿ ತಪ್ಪಾಗಿದೆ ಎಂಬ ಫಜೀತಿಯನ್ನು ಸರ್ಕಾರಿ ಸೇವೆಯುದ್ದಕ್ಕೂ ಕಂಡ ನನಗೆ ಇದು ಬೇಗನೆ ಅರ್ಥವಾಯಿತು.

ಗ್ರೇಸ್ ಹಾಪರ್ ಗೊತ್ತೇ ಎಂದು ಕೇಳಿದೆ. ಅವಳಿಗೆ ತಿಳಿದಿದ್ದುದು ಪತಂಗದ ಕಥೆಯೊಂದೇ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್‌ನ ಮಾರ್ಕ್-2 ಯಂತ್ರದ ರಿಲೇಯಲ್ಲಿ ಸಿಕ್ಕಿದ ಪತಂಗವನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿದ್ದು ನಿಜ. ಆದರೆ ಅದನ್ನು ಹಿಡಿದವರು ಹಾಪರ್ ಅಲ್ಲ. ಯಂತ್ರದೋಷವನ್ನು ‘ಬಗ್’ ಎನ್ನುವ ರೂಢಿಯೂ ಎಡಿಸನ್ನನ ಕಾಲದಷ್ಟು ಹಳೆಯದು. ಕಥೆಯನ್ನು ಸ್ವತಃ ಹಾಪರ್ ಅವರೇ ಸ್ವಾರಸ್ಯವಾಗಿ ಹೇಳುತ್ತಿದ್ದುದರಿಂದ ಅದು ಅವರಿಗೇ ಅಂಟಿತು.

1906ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಅವರು 1934ರಲ್ಲಿ ಯೇಲ್‌ನಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದರು. ವಾಸರ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು ಯುದ್ಧಕಾಲದಲ್ಲಿ ನೌಕಾಪಡೆಯ ಮೀಸಲು ದಳ ಸೇರಿ, 1944ರಲ್ಲಿ ಹೊವಾರ್ಡ್ ಐಕೆನ್ ಅವರ ಮಾರ್ಕ್-1 ಯಂತ್ರದೆದುರು ನಿಂತರು. ಒಮ್ಮೆ ಬರೆದ ಲೆಕ್ಕದ ಆದೇಶಗಳನ್ನು ಅಲ್ಲಿ ನೋಟ್‌ಬುಕ್‌ಗಳಿಂದ ನಕಲು ಮಾಡಿ ಮತ್ತೆ ಬಳಸುತ್ತಿದ್ದರು. ಜಾಗ ಬದಲಾದಂತೆ ವಿಳಾಸಗಳನ್ನು ಕೈಯಲ್ಲೇ ಕೂಡಿಸಿ ತಿದ್ದಬೇಕು. ಗಣಿತಜ್ಞರೂ ಕೂಡುವಾಗ ತಪ್ಪುತ್ತಿದ್ದರು, ನಕಲಿಸುವಾಗ ಇನ್ನೂ ತಪ್ಪುತ್ತಿದ್ದರು.

ಈ ಗುಮಾಸ್ತಗಿರಿಯನ್ನು ಯಂತ್ರಕ್ಕೇ ಏಕೆ ವಹಿಸಬಾರದು? ಯೂನಿವ್ಯಾಕ್ ಯಂತ್ರಕ್ಕಾಗಿ 1952ರಲ್ಲಿ ಅವರು ರೂಪಿಸಿದ ಎ-ಝೀರೊ ಮಾಡಿದ್ದು ಅದನ್ನೇ. ಬೇಕಾದ ಆದೇಶಗುಚ್ಛದ ಕ್ರಮಸಂಖ್ಯೆ ಕೊಟ್ಟರೆ ಸಾಕು. ಅದನ್ನು ಟೇಪಿನಿಂದ ಹೆಕ್ಕಿ, ಜಾಗ ಗೊತ್ತುಮಾಡಿ, ವಿಳಾಸ ತಿದ್ದಿಕೊಳ್ಳುವುದು ಯಂತ್ರದ ಪಾಲು. ಗುರುತು ಬೇರೆ, ನೆಲೆ ಬೇರೆ ಎಂಬ ಈ ವಿಂಗಡಣೆಯ ಮೇಲೆಯೇ ಮಗಳ ಆ ಸಂಜೆಯ ಕೆಲಸವೂ ನಿಂತಿತ್ತು. ಹಾಪರ್ ಅದನ್ನು ಕಂಪೈಲರ್ ಎಂದು ಕರೆದರು. ಇಂದಿನ ಲೆಕ್ಕದಲ್ಲಿ ಅದು ಲಿಂಕರ್ ಮತ್ತು ಲೋಡರ್‌ಗಳಿಗೇ ಹತ್ತಿರ.

ಮುಂದೆ ಇಂಗ್ಲಿಷ್ ಪದಗಳಲ್ಲೇ ಆದೇಶ ಬರೆಯುವ ಫ್ಲೋ-ಮ್ಯಾಟಿಕ್ ಬಂತು. 1959ರಲ್ಲಿ ಯೋಜನೆ ಆರಂಭವಾದ ಕೊಬಾಲ್ ಭಾಷೆಗೆ ಅದು ಬುನಾದಿಯಾಯಿತು. ನಮ್ಮಂಥ ಕಚೇರಿಯವರಿಗೆ ಪರಿಚಿತವಾದ ಹೆಸರೆಂದರೆ ಕೊಬಾಲ್.

1966ರಲ್ಲಿ ನಿವೃತ್ತಿಗೊಳಿಸಿದ ನೌಕಾಪಡೆ ಮರುವರ್ಷವೇ ಅವರನ್ನು ಆರು ತಿಂಗಳ ಮಟ್ಟಿಗೆಂದು ಕರೆಸಿಕೊಂಡಿತು. ಆ ಆರು ತಿಂಗಳು ಹಿಗ್ಗುತ್ತ ಹೋಗಿ, 1986ರಲ್ಲಿ ಅವರು ರಿಯರ್ ಅಡ್ಮಿರಲ್ ಆಗಿ ಸೇವೆಯಿಂದ ಹೊರಬಂದಾಗ ವಯಸ್ಸು 79. ನಮ್ಮ ಸೇವಾ ನಿಯಮಗಳಲ್ಲಿ ಇದಕ್ಕೆ ಆಸ್ಪದವೇ ಇರಲಿಲ್ಲ! ಅವರು 1992ರ ಜನವರಿ 1ರಂದು ತೀರಿಕೊಂಡರು. ಪತಂಗ ಅಂಟಿಸಿದ ಆ ಪುಸ್ತಕ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹದಲ್ಲಿದೆ.