ಕಾಸ್ಮಿಕ್ ಕಿರಣಕ್ಕೆ ಹೆದರಿ ಫೋನ್ ಆಫ್ ಮಾಡುವ ಮೊದಲು ಫರ್ಮಿ ಕಥೆ ಓದಿ

ಇಂದು ರಾತ್ರಿ 12:30ರಿಂದ 3:30ರವರೆಗೆ ಭೂಮಿಯ ಹತ್ತಿರ ಕಾಸ್ಮಿಕ್ ಕಿರಣ ಹಾದುಹೋಗುತ್ತದೆ, ಮೊಬೈಲ್ ಆಫ್ ಮಾಡಿ ದೂರ ಇಟ್ಟು ಮಲಗಿ ಎಂಬ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಅದು ವರ್ಷಗಳಿಂದ ಸುತ್ತುತ್ತಿರುವ ಸುಳ್ಳು. ಈ ಕಿರಣಗಳು ಹಗಲು ರಾತ್ರಿ ಎನ್ನದೆ ಬೀಳುತ್ತಲೇ ಇರುತ್ತವೆ. ಬಹುಪಾಲನ್ನು ಭೂಮಿಯ ಕಾಂತಕ್ಷೇತ್ರ ಮತ್ತು ವಾತಾವರಣ ತಡೆಯುತ್ತವೆ. ಫೋನ್ ಆಫ್ ಮಾಡುವುದರಿಂದ ಏನೂ ಬದಲಾಗದು. ಹಾಗಾದರೆ ಈ ಕಣಗಳಿಗೆ ಅಷ್ಟೊಂದು ವೇಗ ಎಲ್ಲಿಂದ ಬರುತ್ತದೆ? ಇದಕ್ಕೆ ತಲೆ ಕೆಡಿಸಿಕೊಂಡವರಲ್ಲಿ ಎನ್ರಿಕೊ ಫರ್ಮಿ ಮುಖ್ಯರು.

1901ರಲ್ಲಿ ರೋಮ್‌ನಲ್ಲಿ ಹುಟ್ಟಿದ ಫರ್ಮಿಗೆ 13 ವರ್ಷವಿದ್ದಾಗ ಅಣ್ಣ ಜೂಲಿಯೊ ಗಂಟಲಿನ ಸಣ್ಣ ಆಪರೇಷನ್ ವೇಳೆ ತೀರಿಕೊಂಡ. ಒಂಟಿಯಾದ ಹುಡುಗ ಹಳೇ ಭೌತಶಾಸ್ತ್ರದ ಪುಸ್ತಕಗಳಲ್ಲಿ ಮುಳುಗಿದ. 1938ರಲ್ಲಿ ನೊಬೆಲ್ ಬಂತು. ಪತ್ನಿ ಲಾರಾ ಯಹೂದಿ, ಮುಸೊಲಿನಿ ಸರ್ಕಾರ ಅದೇ ವರ್ಷ ಯಹೂದಿಗಳ ವಿರುದ್ಧ ಕಾನೂನು ತಂದಿತ್ತು. ಬಹುಮಾನ ಪಡೆಯಲು ಕುಟುಂಬ ಸಮೇತ ಸ್ಟಾಕ್‌ಹೋಮ್‌ಗೆ ಹೋದವರು ಹಾಗೆಯೇ ಅಮೆರಿಕಕ್ಕೆ ಹೊರಟುಬಿಟ್ಟರು. 1942ರ ಡಿಸೆಂಬರ್ 2ರಂದು ಶಿಕಾಗೋದಲ್ಲಿ ಅವರ ತಂಡ ಮೊದಲ ಅಣು ರಿಯಾಕ್ಟರ್ ನಡೆಸಿತು. ಅದೇ ದಾರಿ ಅಣುಬಾಂಬ್‌ವರೆಗೂ ಹೋಯಿತು. ಅದರಲ್ಲಿ ಫರ್ಮಿ ಪಾಲೂ ಇತ್ತು, ಅದನ್ನು ನಾವು ಮುಚ್ಚಿಡುವುದಿಲ್ಲ.

ನಮ್ಮ ಪ್ರಶ್ನೆಗೆ ಉತ್ತರ ಬಂದದ್ದು 1949ರಲ್ಲಿ. ಮುಂದೆ ನುಗ್ಗಿ ಬೀಸಿದ ಬ್ಯಾಟಿಗೆ ಬಡಿದ ಚೆಂಡು ಬಂದದ್ದಕ್ಕಿಂತ ಜೋರಾಗಿ ಹಿಂದಿರುಗುತ್ತದಲ್ಲ, ಹಾಗೆ. ಬಾಹ್ಯಾಕಾಶದಲ್ಲಿ ಕಾಂತಕ್ಷೇತ್ರ ಹೊತ್ತ ಅನಿಲದ ಮೋಡಗಳು ಚಲಿಸುತ್ತಿರುತ್ತವೆ. ಎದುರಿಗೆ ಬರುವ ಮೋಡಕ್ಕೆ ತಾಗಿದ ಕಣ ಶಕ್ತಿ ಗಳಿಸುತ್ತದೆ, ದೂರ ಸರಿಯುವ ಮೋಡಕ್ಕೆ ತಾಗಿದರೆ ಕಳೆದುಕೊಳ್ಳುತ್ತದೆ. ಎದುರುಬದುರು ಡಿಕ್ಕಿಗಳೇ ಸ್ವಲ್ಪ ಜಾಸ್ತಿ, ಆದ್ದರಿಂದ ಕೊನೆಗೆ ಲಾಭವೇ. ಆದರೆ ಈ ಲಾಭ ಬಹಳ ನಿಧಾನ. ಭಾರವಾದ ಕಣಗಳ ವಿಷಯದಲ್ಲಿ ತಮ್ಮ ಲೆಕ್ಕ ಕೂಡುವುದಿಲ್ಲ ಎಂದು ಫರ್ಮಿಯೇ ಆ ಲೇಖನದಲ್ಲಿ ಒಪ್ಪಿಕೊಂಡಿದ್ದರು.

1954ರಲ್ಲಿ ಹೊಟ್ಟೆಯ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವರಿಗೆ 53 ವರ್ಷ. ಗಾಮಾ ಕಿರಣ ಸ್ಫೋಟ ಎಂಬುದೊಂದಿದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. 1967ರಲ್ಲಿ ಅದನ್ನು ಮೊದಲು ಹಿಡಿದದ್ದು ಅಣುಬಾಂಬ್ ಪರೀಕ್ಷೆಗಳ ಮೇಲೆ ಕಣ್ಣಿಡಲು ಹಾರಿಸಿದ್ದ ಅಮೆರಿಕದ ವೇಲಾ ಉಪಗ್ರಹಗಳು!

ದೈತ್ಯ ನಕ್ಷತ್ರ ಕುಸಿದಾಗ ಅಥವಾ ಎರಡು ನ್ಯೂಟ್ರಾನ್ ನಕ್ಷತ್ರಗಳು ಒಂದಾದಾಗ ಬೆಳಕಿನ ವೇಗದ ಸಮೀಪದಲ್ಲಿ ವಸ್ತುವಿನ ಧಾರೆ ಚಿಮ್ಮುತ್ತದೆ. ಹಿಂದಿನ ವೇಗದ ಪದರ ಮುಂದಿನ ನಿಧಾನದ ಪದರಕ್ಕೆ ಅಪ್ಪಳಿಸಿ ಆಘಾತ ತರಂಗ ಏಳುತ್ತದೆ. ಅದರ ಎರಡು ಬದಿಗಳ ನಡುವೆ ಕಣ ಪುಟಿಯುವಾಗ ಪ್ರತಿ ಸಲವೂ ಎದುರಿನ ಡಿಕ್ಕಿಯೇ, ಪ್ರತಿ ಸಲವೂ ಲಾಭವೇ. ಫರ್ಮಿಯ ಉಪಾಯವನ್ನು 1970ರ ದಶಕದ ಕೊನೆಯಲ್ಲಿ ಹೀಗೆ ತಿದ್ದಲಾಯಿತು. ಕಾಂತರೇಖೆಗಳು ಕಡಿದು ಮತ್ತೆ ಕೂಡುವಾಗಲೂ ಕಣಗಳಿಗೆ ವೇಗ ಸಿಗಬಹುದು, ಯಾವುದರ ಪಾಲು ಹೆಚ್ಚು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. 2008ರಲ್ಲಿ ಹಾರಿದ ದೂರದರ್ಶಕವೊಂದು ಇಂಥ ಸ್ಫೋಟಗಳನ್ನು ದಾಖಲಿಸುತ್ತಿದೆ. ನಾಸಾ ಅದಕ್ಕೆ ಇಟ್ಟ ಹೆಸರು ಫರ್ಮಿ.